ಲ್ಯಾಪ್‌ಟಾಪ್ ಗಣಕದ ಅತಿತಾಪ: ಕಾರಣಶೋಧನೆಯ ಒಂದು ಕ್ರಮ

ಹಸ್ತಪ್ರತಿಗಳ ಛಾಯಾಚಿತ್ರ, ಶಾಸನಗಳ ಪಡಿಯಚ್ಚಿನ ಬಿಂಬ, ಕ್ಷೇತ್ರಕಾರ್ಯದ ಧ್ವನಿಮುದ್ರಿಕೆ, ಟಿಪ್ಪಣಿ, ಗ್ರಂಥಸೂಚಿ, ಕರಡು – ಹಿಂದೆ ಸಂಶೋಧಕನ ಕಪಾಟಿನ ತುಂಬ ಹರಡಿಕೊಂಡಿರುತ್ತಿದ್ದ ಇಂಥ ಸಾಮಗ್ರಿಯ ಬಹುಭಾಗ ಈಗ ಒಂದೂವರೆ, ಎರಡು ಕಿಲೋಗ್ರಾಂ ತೂಗುವ ಒಂದು ಯಂತ್ರದೊಳಗೆ ಅಡಕವಾಗಿದೆ. ಆ ಯಂತ್ರ ಬಿಸಿಯಾಗುತ್ತದೆ, ಫ್ಯಾನು ಬಿಡದೆ ಸದ್ದು ಮಾಡುತ್ತದೆ, ಕೆಲಸದ ನಡುವೆ ನಿಧಾನವಾಗುತ್ತದೆ, ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ ಆರಿಹೋಗುತ್ತದೆ ಎಂಬ ದೂರು ವಿಶ್ವವಿದ್ಯಾಲಯದ ವಿಭಾಗಗಳಲ್ಲೂ ಗ್ರಂಥಾಲಯಗಳಲ್ಲೂ ಕೇಳಿಬರುವಂಥದ್ದೇ. ಇದಕ್ಕೆ ರೂಢಿಯಲ್ಲಿರುವ ಪರಿಹಾರಗಳು ಮೂರು: ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು, ಅಡಿಯಲ್ಲಿಡುವ ಕೂಲಿಂಗ್ ಪ್ಯಾಡ್ ಕೊಳ್ಳುವುದು, ಹೊಸ ಯಂತ್ರಕ್ಕೆ ಬೇಡಿಕೆ ಸಲ್ಲಿಸುವುದು. ಮೂರೂ ಕೆಲವೊಮ್ಮೆ ಫಲಿಸುತ್ತವೆ. ಏಕೆ ಫಲಿಸಿದವು ಎಂಬುದು ಮಾತ್ರ ತಿಳಿಯುವುದಿಲ್ಲ. ಆದ್ದರಿಂದ ಫಲಿಸದೆ ಹೋದಾಗ ಮುಂದೇನು ಮಾಡಬೇಕೆಂಬುದೂ ತಿಳಿಯುವುದಿಲ್ಲ.

ಪ್ರಸ್ತುತ ಲೇಖನದ ವಾದ ಸರಳವಾದುದು. ಅತಿತಾಪವೆಂಬುದು ಒಂದು ರೋಗವಲ್ಲ, ಲಕ್ಷಣ. ಅದರ ಹಿಂದೆ ಇರಬಹುದಾದ ಕಾರಣಗಳು ಎರಡು ವರ್ಗಕ್ಕೆ ಸೇರುತ್ತವೆ: ಯಂತ್ರದಲ್ಲಿ ಅಗತ್ಯಕ್ಕಿಂತ ಹೆಚ್ಚು ಉಷ್ಣ ಹುಟ್ಟುತ್ತಿರಬೇಕು, ಇಲ್ಲವೆ ಹುಟ್ಟಿದ ಉಷ್ಣ ಹೊರಹೋಗಲು ದಾರಿ ಕಟ್ಟಿರಬೇಕು. ಇವೆರಡರಲ್ಲಿ ಯಾವುದು ಎಂಬುದನ್ನು ಯಂತ್ರವನ್ನು ಬಿಚ್ಚುವ ಮುನ್ನ, ಹಣ ವೆಚ್ಚ ಮಾಡುವ ಮುನ್ನ, ಬಳಕೆದಾರನೇ ನಿರ್ಧರಿಸಲು ಸಾಧ್ಯ. ಅದರ ಜೊತೆಗೆ ಇನ್ನೊಂದು ಮಾತನ್ನೂ ಇಲ್ಲಿ ಒತ್ತಿ ಹೇಳಬೇಕಾಗಿದೆ. ಬಿಸಿಯಿಂದ ಪ್ರೊಸೆಸರ್ ಸುಟ್ಟುಹೋಗುತ್ತದೆ ಎಂಬ ಸಾಮಾನ್ಯ ಭಯ ಬಹುಮಟ್ಟಿಗೆ ಅನಗತ್ಯ. ಭಯಪಡಬೇಕಾದ ಭಾಗ ಬೇರೆಯೇ ಇದೆ.

ಉಷ್ಣದ ಹುಟ್ಟು

ವಾಹಕದಲ್ಲಿ ವಿದ್ಯುತ್ ಹರಿದಾಗ ಉಂಟಾಗುವ ಉಷ್ಣವು ವಿದ್ಯುತ್‌ಪ್ರವಾಹದ ವರ್ಗಕ್ಕೂ ವಾಹಕದ ರೋಧಕ್ಕೂ ಅನುಪಾತದಲ್ಲಿರುತ್ತದೆ ಎಂಬುದನ್ನು ಜೇಮ್ಸ್ ಪ್ರೆಸ್ಕಾಟ್ ಜೂಲ್ 1841ರಲ್ಲಿ ಪ್ರಕಟಿಸಿದ. ಗಣಕದ ಒಳಗೆ ನಡೆಯುವ ಎಲ್ಲ ಕೆಲಸಕ್ಕೂ ಈ ನಿಯಮ ಅನ್ವಯಿಸುತ್ತದೆ. ಮಿಕ್ಸರ್‌ನಲ್ಲಾಗಲಿ ನೀರೆತ್ತುವ ಮೋಟಾರಿನಲ್ಲಾಗಲಿ ವಿದ್ಯುತ್ತಿನ ಒಂದು ಪಾಲು ಯಾಂತ್ರಿಕ ಕಾರ್ಯವಾಗಿ ಪರಿಣಮಿಸುತ್ತದೆ. ಪ್ರೊಸೆಸರ್‌ನಲ್ಲಿ ಹಾಗಲ್ಲ. ಅದು ಸೇವಿಸುವ ವಿದ್ಯುತ್ತೆಲ್ಲ ಕೊನೆಗೆ ಉಷ್ಣವೇ ಆಗುತ್ತದೆ. ಲೆಕ್ಕಾಚಾರದ ಫಲಿತಾಂಶಕ್ಕೆ ತೂಕವೂ ಇಲ್ಲ, ಚಲನೆಯೂ ಇಲ್ಲ. 15 ವ್ಯಾಟ್ ಸೇವಿಸುವ ಪ್ರೊಸೆಸರ್ ಎಂದರೆ ಉಷ್ಣದ ದೃಷ್ಟಿಯಿಂದ 15 ವ್ಯಾಟ್‌ನ ಒಂದು ಪುಟ್ಟ ಒಲೆ.

15 ವ್ಯಾಟ್ ದೊಡ್ಡ ಸಂಖ್ಯೆಯಲ್ಲ. ಆದರೆ ಅದು ಹುಟ್ಟುವ ಜಾಗ ಹೆಬ್ಬೆರಳ ಉಗುರಿನಷ್ಟು ಅಗಲದ ಸಿಲಿಕಾನ್ ತುಣುಕು. 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಯ ತಳದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ಪ್ರತಿ ಚದರ ಸೆಂಟಿಮೀಟರಿನಿಂದ ಹೊಮ್ಮುವುದು 5 ವ್ಯಾಟ್. ಸಾಧಾರಣ ಲ್ಯಾಪ್‌ಟಾಪಿನ ಪ್ರೊಸೆಸರ್‌ನಲ್ಲಿ ಈ ಪ್ರಮಾಣ ಅದರ ಎರಡರಷ್ಟಾಗಬಹುದು. 45 ವ್ಯಾಟ್ ವರ್ಗದ ಯಂತ್ರಗಳಲ್ಲಿ ಇನ್ನೂ ಹೆಚ್ಚು. ಹೀಗಾಗಿ ಲ್ಯಾಪ್‌ಟಾಪಿನ ತೊಡಕು ಉಷ್ಣದ ಒಟ್ಟು ಮೊತ್ತದ್ದಲ್ಲ, ಅದರ ಸಾಂದ್ರತೆಯದು.

ಪ್ರೊಸೆಸರ್‌ನ ವಿದ್ಯುತ್ ಸೇವನೆ ಮುಖ್ಯವಾಗಿ ಎರಡನ್ನು ಅವಲಂಬಿಸಿದೆ. ಒಂದು, ಅದು ಕ್ಷಣಕ್ಕೆ ಎಷ್ಟು ಬಾರಿ ಮಿಡಿಯುತ್ತದೆ ಎಂಬ ಆವರ್ತನ. ಇನ್ನೊಂದು, ಅದಕ್ಕೆ ಒದಗಿಸುವ ವೋಲ್ಟೇಜಿನ ವರ್ಗ. ಟ್ರಾನ್ಸಿಸ್ಟರುಗಳನ್ನು ಕಿರಿದುಗೊಳಿಸುತ್ತ ಹೋದಂತೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು, ಆಗ ವಿಸ್ತೀರ್ಣದ ಲೆಕ್ಕದಲ್ಲಿ ಉಷ್ಣ ಏರುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಸುಮಾರು ಮೂರು ದಶಕ ಗಣಕೋದ್ಯಮ ಈ ಸೂತ್ರದ ಬಲದಲ್ಲಿ ನಡೆಯಿತು. ಹೊಸ ಶತಮಾನದ ಮೊದಲ ದಶಕದ ನಡುವಿನ ಹೊತ್ತಿಗೆ ವೋಲ್ಟೇಜನ್ನು ಇನ್ನಷ್ಟು ಇಳಿಸುವುದು ಕಷ್ಟವಾಯಿತು. ಇಂಟೆಲ್ ಸಂಸ್ಥೆ 2004ರಲ್ಲಿ ತೇಜಸ್ ಎಂಬ ಸಂಕೇತನಾಮದ ತನ್ನ ಮುಂದಿನ ಪ್ರೊಸೆಸರನ್ನು ಕೈಬಿಟ್ಟು ಒಂದೇ ತುಣುಕಿನಲ್ಲಿ ಎರಡು ಕೋರ್‌ಗಳನ್ನಿಡುವ ವಿನ್ಯಾಸದತ್ತ ತಿರುಗಿದುದಕ್ಕೆ ಉಷ್ಣವೇ ಮುಖ್ಯ ಕಾರಣವಾಗಿತ್ತು. ಅಂದಿನಿಂದ ಗಣಕದ ವೇಗವನ್ನು ನಿರ್ಧರಿಸುವುದು ಎಷ್ಟು ಲೆಕ್ಕ ಮಾಡಬಲ್ಲದು ಎಂಬುದಕ್ಕಿಂತ ಎಷ್ಟು ಬಿಸಿಯನ್ನು ಹೊರಹಾಕಬಲ್ಲದು ಎಂಬುದೇ ಎಂದರೆ ತಪ್ಪಾಗಲಾರದು.

ಉಷ್ಣದ ಹಾದಿ

1982ರಲ್ಲಿ ಮಾರುಕಟ್ಟೆಗೆ ಬಂದ ಗ್ರಿಡ್ ಕಂಪಸ್ ಎಂಬ ಗಣಕವನ್ನು ಇಂದಿನ ಲ್ಯಾಪ್‌ಟಾಪ್ ಆಕೃತಿಯ ಪೂರ್ವಜನೆಂದು ಗುರುತಿಸಲಾಗುತ್ತದೆ. ಬ್ರಿಟಿಷ್ ವಿನ್ಯಾಸಕ ಬಿಲ್ ಮಾಗ್ರಿಜ್ ರೂಪಿಸಿದ ಈ ಯಂತ್ರದಲ್ಲಿ ಫ್ಯಾನು ಇರಲಿಲ್ಲ. ಅದರ ಹೊರಕವಚವನ್ನು ಮೆಗ್ನೀಸಿಯಂ ಮಿಶ್ರಲೋಹದಿಂದ ಮಾಡಲಾಗಿತ್ತು; ಕವಚವೇ ಬಿಸಿಯನ್ನು ಹೀರಿ ಸುತ್ತಲ ಗಾಳಿಗೆ ಕೊಡುತ್ತಿತ್ತು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ಇದೇ ಯಂತ್ರವನ್ನು ತನ್ನ ಷಟಲ್ ನೌಕೆಗಳಿಗೆ ಆರಿಸಿಕೊಂಡಾಗ ಅದಕ್ಕೆ ಫ್ಯಾನು ಸೇರಿಸಬೇಕಾಯಿತು. ಭೂಮಿಯ ಮೇಲೆ ಬಿಸಿಯಾದ ಗಾಳಿ ಹಗುರವಾಗಿ ಮೇಲೇರಿ ತಂಪು ಗಾಳಿಗೆ ಎಡೆಮಾಡಿಕೊಡುತ್ತದೆ. ತೂಕವೇ ಇಲ್ಲದ ಸ್ಥಿತಿಯಲ್ಲಿ ಹಗುರ ಭಾರಗಳ ಭೇದವಿಲ್ಲದ ಕಾರಣ ಬಿಸಿ ಗಾಳಿ ಯಂತ್ರದ ಸುತ್ತಲೇ ನಿಲ್ಲುತ್ತದೆ. ಹಾಸಿಗೆಯ ಮೇಲೆ ಕಂಬಳಿಗೆ ಒತ್ತಿಟ್ಟ ಲ್ಯಾಪ್‌ಟಾಪ್ ಬೇರೆ ಕಾರಣದಿಂದ ಹೆಚ್ಚುಕಡಿಮೆ ಅದೇ ಅವಸ್ಥೆಗೆ ಸಿಕ್ಕುತ್ತದೆ.

ಇಂದಿನ ಯಂತ್ರಗಳಲ್ಲಿ ಉಷ್ಣದ ಹಾದಿ ಇನ್ನಷ್ಟು ಸಂಕೀರ್ಣವಾಗಿದೆ. ಸಿಲಿಕಾನ್ ತುಣುಕಿನ ಮೇಲೆ ಒಂದು ತೆಳು ಲೇಪ, ಅದರ ಮೇಲೆ ತಾಮ್ರದ ಫಲಕ, ಫಲಕಕ್ಕೆ ಬೆಸೆದ ಚಪ್ಪಟೆಯಾದ ತಾಮ್ರದ ಕೊಳವೆ, ಕೊಳವೆಯ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಲ್ಲಿಸಿದ ತೆಳು ರೆಕ್ಕೆಗಳು, ಅವುಗಳ ನಡುವೆ ಗಾಳಿ ನೂಕುವ ಫ್ಯಾನು – ಇದು ಸ್ಥೂಲ ವ್ಯವಸ್ಥೆ. ಈ ಸರಪಳಿಯಲ್ಲಿ ಅತ್ಯಂತ ಸ್ವಾರಸ್ಯದ ಕೊಂಡಿ ಆ ಕೊಳವೆ. ನೋಡಲು ಗಟ್ಟಿ ತಾಮ್ರದ ಪಟ್ಟಿಯಂತಿದ್ದರೂ ಅದು ಪೊಳ್ಳು. ಒಳಗೋಡೆಗೆ ಸೂಕ್ಷ್ಮ ರಂಧ್ರಗಳುಳ್ಳ ತಾಮ್ರದ ಪದರವಿದ್ದು, ಒಳಗಿನ ಗಾಳಿಯನ್ನು ತೆಗೆದು ಕೆಲವೇ ಹನಿ ನೀರನ್ನು ಸೇರಿಸಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು 100 ಡಿಗ್ರಿಗಿಂತ ಬಹಳ ಕೆಳಗೇ ಆವಿಯಾಗಿ ತಣ್ಣಗಿರುವ ತುದಿಗೆ ಸಾಗಿ, ಅಲ್ಲಿ ಉಷ್ಣವನ್ನು ಬಿಟ್ಟು ಮತ್ತೆ ನೀರಾಗುತ್ತದೆ. ಹಣತೆಯ ಬತ್ತಿ ಎಣ್ಣೆಯನ್ನು ಎಳೆಯುವಂತೆ ರಂಧ್ರಪದರ ಆ ನೀರನ್ನು ಬಿಸಿ ತುದಿಗೆ ಮರಳಿ ಎಳೆಯುತ್ತದೆ. ಈ ಕಲ್ಪನೆಗೆ ರಿಚರ್ಡ್ ಗಾಗ್ಲರ್ 1944ರಲ್ಲೇ ಪೇಟೆಂಟ್ ಪಡೆದಿದ್ದರೂ, 1963ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ನಿರ್ಮಿಸಿ ತೋರಿಸಿದ ಮೇಲೆಯೇ ಅದು ಬಳಕೆಗೆ ಬಂದಿತು. ಚಲಿಸುವ ಭಾಗವಿಲ್ಲದ ಈ ಕೊಳವೆ ಕೆಡುವುದು ಅಪರೂಪ. ಕೆಡುವುದು ಅದರ ಎರಡು ತುದಿಗಳಲ್ಲಿ: ಒಂದು ತುದಿಯ ಲೇಪ ಒಣಗುತ್ತದೆ, ಇನ್ನೊಂದು ತುದಿಯ ರೆಕ್ಕೆಗಳಿಗೆ ಧೂಳು ಕಟ್ಟುತ್ತದೆ.

ಲೇಪದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಪ್ರಚಲಿತವಾಗಿದೆ. ದುರಸ್ತಿಗಾರರು ಥರ್ಮಲ್ ಪೇಸ್ಟ್ ಎಂದು ಕರೆಯುವ ಈ ಲೇಪ ತಾಮ್ರಕ್ಕಿಂತ ಉತ್ತಮ ಉಷ್ಣವಾಹಕವೆಂದು ಹಲವರು ಭಾವಿಸುತ್ತಾರೆ. ವಾಸ್ತವ ತದ್ವಿರುದ್ಧ. ಉಷ್ಣವಾಹಕತೆಯ ಮಾನದಲ್ಲಿ ತಾಮ್ರದ ಬೆಲೆ ಸುಮಾರು 400 ಆದರೆ ಒಳ್ಳೆಯ ಲೇಪದ ಬೆಲೆ 10ರ ಆಸುಪಾಸು, ಅಥವಾ ಅದಕ್ಕೂ ಕಡಿಮೆ. ಆದರೆ ಗಾಳಿಯ ಬೆಲೆ ಕೇವಲ 0.026. ಎಷ್ಟೇ ನುಣುಪಾಗಿ ಕಂಡರೂ ಎರಡು ಘನ ಮೇಲ್ಮೈಗಳ ನಡುವೆ ಉಳಿಯುವ ಸೂಕ್ಷ್ಮ ಗಾಳಿಗುಳಿಗಳನ್ನು ತುಂಬುವುದಷ್ಟೇ ಲೇಪದ ಕೆಲಸ. ಆದ್ದರಿಂದಲೇ ಅದನ್ನು ದಪ್ಪವಾಗಿ ಬಳಿದರೆ ಲಾಭದ ಬದಲು ನಷ್ಟ.

ಒಂದು ಚಿಕ್ಕ ಲೆಕ್ಕ

ಕಾರಣಶೋಧನೆಗೆ ಬೇಕಾದ ಗಣಿತ ಒಂದೇ ಸಾಲಿನದು. ಪ್ರೊಸೆಸರ್‌ನ ಉಷ್ಣತೆಯಿಂದ ಕೋಣೆಯ ಉಷ್ಣತೆಯನ್ನು ಕಳೆದರೆ ಬರುವ ವ್ಯತ್ಯಾಸವು, ಸೇವಿಸಿದ ವಿದ್ಯುತ್ತನ್ನು ಹಾದಿಯ ಉಷ್ಣರೋಧದಿಂದ ಗುಣಿಸಿದ್ದಕ್ಕೆ ಸಮ. ಉದಾಹರಣೆಗೆ ಒಂದು ಯಂತ್ರದ ಉಷ್ಣರೋಧ ವ್ಯಾಟ್‌ಗೆ 3 ಡಿಗ್ರಿ ಎಂದು ಭಾವಿಸೋಣ. 15 ವ್ಯಾಟ್ ಸೇವಿಸುವಾಗ ಅದು ಕೋಣೆಗಿಂತ 45 ಡಿಗ್ರಿ ಮೇಲಿರುತ್ತದೆ. ಕೋಣೆ 30 ಡಿಗ್ರಿ ಇದ್ದರೆ ಪ್ರೊಸೆಸರ್ 75 ಡಿಗ್ರಿ. ಧೂಳು ತುಂಬಿ ರೋಧ 5ಕ್ಕೆ ಏರಿದರೆ ಅದೇ ಕೆಲಸಕ್ಕೆ 105 ಡಿಗ್ರಿ ತಲುಪಬೇಕಾಗುತ್ತದೆ. ಹಲವು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಗರಿಷ್ಠ ಮಿತಿ 100 ಡಿಗ್ರಿಯಾದ್ದರಿಂದ ಯಂತ್ರ ಅಲ್ಲಿಯವರೆಗೆ ಹೋಗದೆ ತನ್ನ ಆವರ್ತನವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತದೆ. ಬಳಕೆದಾರನಿಗೆ ಕಾಣುವುದು ಬಿಸಿಯಲ್ಲ, ನಿಧಾನ. ವೈರಸ್ ಸೇರಿದೆ ಎಂದೋ ಯಂತ್ರಕ್ಕೆ ವಯಸ್ಸಾಯಿತು ಎಂದೋ ಅವನು ನಿರ್ಧರಿಸುವುದು ಇಲ್ಲಿಯೇ.

ಈ ಲೆಕ್ಕದಿಂದ ಹೊರಡುವ ಇನ್ನೊಂದು ಅಂಶ ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ್ದು. ಕೋಣೆಯ ಉಷ್ಣತೆ ಒಂದು ಡಿಗ್ರಿ ಏರಿದರೆ ಪ್ರೊಸೆಸರ್‌ನದೂ ಒಂದು ಡಿಗ್ರಿ ಏರುತ್ತದೆ, ರಿಯಾಯಿತಿ ಇಲ್ಲ. ಬಹಳಷ್ಟು ಲ್ಯಾಪ್‌ಟಾಪ್‌ಗಳ ಕೈಪಿಡಿಗಳಲ್ಲಿ ಬಳಕೆಯ ಪರಿಸರಕ್ಕೆ 35 ಡಿಗ್ರಿಯ ಮೇಲ್ಮಿತಿಯನ್ನು ನಮೂದಿಸಿರುತ್ತಾರೆ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಅಲ್ಲಿ ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಮಧ್ಯಾಹ್ನ ಕೆಲಸ ಮಾಡುವ ಯಂತ್ರ ಯಾವ ದೋಷವೂ ಇಲ್ಲದೆಯೇ ಮಿತಿಯ ಹೊರಗಿದೆ. ಬೆಂಗಳೂರಿನದು ಬೇರೆ ಬಗೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿಯ ಗಾಳಿ ಕರಾವಳಿಯದಕ್ಕಿಂತ ಸುಮಾರು ಶೇ. 10ರಷ್ಟು ವಿರಳ, ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಅಷ್ಟು ಕಡಿಮೆ ಗಾಳಿಯ ರಾಶಿಯನ್ನು ನೂಕುತ್ತದೆ. ಅಲ್ಲಿನ ಹಿತವಾದ ಹವೆ ಈ ಕೊರತೆಯನ್ನು ತುಂಬಿಕೊಡುವುದರಿಂದ ಅದು ಗಮನಕ್ಕೆ ಬರುವುದಿಲ್ಲ, ಅಷ್ಟೆ.

ಪರೀಕ್ಷೆಯ ಕ್ರಮ

ಮೊದಲು ಬೇಕಾದವು ಎರಡು ಸಂಖ್ಯೆಗಳು: ಪ್ರೊಸೆಸರ್ ಶೇಕಡಾ ಎಷ್ಟು ಕೆಲಸದಲ್ಲಿ ತೊಡಗಿದೆ ಎಂಬುದು, ಮತ್ತು ಅದರ ಉಷ್ಣತೆ. ಮೊದಲನೆಯದನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೋರಿಸುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ಆದರೆ ಪ್ರೊಸೆಸರ್‌ನ ಉಷ್ಣತೆಯನ್ನು ಅದು ತೋರಿಸದು. ಅದಕ್ಕೆ ಎಚ್‌ಡಬ್ಲ್ಯುಇನ್ಫೋ, ಕೋರ್ ಟೆಂಪ್‌ನಂಥ ಉಚಿತ ತಂತ್ರಾಂಶಗಳಿವೆ. ಲಿನಕ್ಸ್ ಬಳಸುವವರಿಗೆ ಎಲ್‌ಎಂ-ಸೆನ್ಸರ್ಸ್ ಎಂಬ ಪುಟ್ಟ ಉಪಕರಣ ಸಾಕು. ಇವೆರಡನ್ನೂ ಒಟ್ಟಿಗೆ ಓದಬೇಕೆಂಬುದೇ ಇಲ್ಲಿ ಮುಖ್ಯ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥವಿಲ್ಲ. 85 ಡಿಗ್ರಿ ಎಂಬುದು ಪೂರ್ಣ ಶ್ರಮದಲ್ಲಿರುವ ಯಂತ್ರಕ್ಕೆ ಸಹಜ, ಸುಮ್ಮನೆ ಕುಳಿತ ಯಂತ್ರಕ್ಕೆ ಅಪಾಯಸೂಚನೆ.

ಯಂತ್ರವನ್ನು ಗಟ್ಟಿಯಾದ ಮೇಜಿನ ಮೇಲಿಟ್ಟು, ಎಲ್ಲ ಕಡತಗಳನ್ನು ಮುಚ್ಚಿ, ಹತ್ತು ನಿಮಿಷ ಮುಟ್ಟದೆ ಬಿಡಬೇಕು. ಆಗಲೂ ಕೆಲಸದ ಪ್ರಮಾಣ ಶೇ. 30, 40ರ ಮೇಲೆ ನಿಂತಿದ್ದರೆ ಉಷ್ಣ ಹುಟ್ಟುತ್ತಿರುವುದೇ ಹೆಚ್ಚು ಎಂದು ತಿಳಿಯಬೇಕು. ಯಾವ ತಂತ್ರಾಂಶ ಎಂಬುದನ್ನು ಅದೇ ಪಟ್ಟಿ ಹೇಳುತ್ತದೆ. ಸಂಶೋಧಕರ ಯಂತ್ರಗಳಲ್ಲಿ ಇದಕ್ಕೆ ಒಂದು ವಿಶೇಷ ಕಾರಣವನ್ನು ಕಾಣಬಹುದು. ಸ್ಕ್ಯಾನ್ ಮಾಡಿದ ಸಾವಿರಾರು ಪುಟಗಳನ್ನು ಒಮ್ಮೆಗೇ ಯಂತ್ರಕ್ಕೆ ತುಂಬಿದಾಗ ವಿಂಡೋಸ್‌ನ ಸರ್ಚ್ ಇಂಡೆಕ್ಸರ್ ಅವುಗಳಿಗೆ ಸೂಚಿ ತಯಾರಿಸತೊಡಗುತ್ತದೆ, ವೈರಸ್ ನಿರೋಧಕ ತಂತ್ರಾಂಶ ಪ್ರತಿಯೊಂದನ್ನೂ ತೆರೆದು ನೋಡುತ್ತದೆ, ಮೋಡಸಂಗ್ರಹಕ್ಕೆ ಜೋಡಿಸಿದ್ದರೆ ಅವುಗಳ ಏರಿಕೆಯೂ ನಡೆಯುತ್ತಿರುತ್ತದೆ. ಇವು ಮುಗಿಯುವ ಕೆಲಸಗಳು. ರಾತ್ರಿಯ ತಂಪಿನಲ್ಲಿ ಯಂತ್ರವನ್ನು ಚಾಲೂ ಬಿಟ್ಟರೆ ಬೆಳಗಿನ ಹೊತ್ತಿಗೆ ಶಾಂತವಾಗುತ್ತದೆ. ದಿನಗಳು ಕಳೆದರೂ ಮುಗಿಯದಿದ್ದರೆ ಆ ಕಡತಕೋಶವನ್ನು ಸೂಚೀಕರಣದಿಂದ ಹೊರಗಿಡಬಹುದು. ಕನ್ನಡ ಪುಟಗಳಿಂದ ಅಕ್ಷರಗಳನ್ನು ಗುರುತಿಸುವ ಟೆಸೆರಾಕ್ಟ್ ತಂತ್ರಾಂಶವೂ, ವಿಶೇಷವಾಗಿ ನರಜಾಲ ವಿಧಾನವನ್ನು ಅಳವಡಿಸಿಕೊಂಡ 2018ರ ನಾಲ್ಕನೆಯ ಆವೃತ್ತಿಯ ನಂತರ, ಹಲವು ಕೋರ್‌ಗಳನ್ನು ಏಕಕಾಲಕ್ಕೆ ದುಡಿಸುತ್ತದೆ. ನೂರಾರು ಪುಟಗಳ ಗ್ರಂಥವನ್ನು ಅದಕ್ಕೆ ಒಪ್ಪಿಸಿ ಯಂತ್ರ ಬಿಸಿಯಾಯಿತೆಂದರೆ ಅದು ದೋಷವಲ್ಲ.

ಮ್ಯಾಕ್ ಬಳಸುವವರು ಗಮನಿಸಬೇಕಾದ ಒಂದು ವಿಚಿತ್ರವಿದೆ. ಅಲ್ಲಿನ ಪಟ್ಟಿಯಲ್ಲಿ ಕರ್ನೆಲ್ ಟಾಸ್ಕ್ ಎಂಬುದು ಪ್ರೊಸೆಸರ್‌ನ ಬಹುಪಾಲನ್ನು ನುಂಗುತ್ತಿರುವಂತೆ ತೋರಬಹುದು. ಅದನ್ನೇ ಬಿಸಿಗೆ ಕಾರಣವೆಂದು ಬಗೆದು ನಿಲ್ಲಿಸಲು ಹೆಣಗುವವರುಂಟು. ಬಿಸಿ ಹೆಚ್ಚಾದಾಗ ಇತರ ತಂತ್ರಾಂಶಗಳಿಗೆ ಪ್ರೊಸೆಸರ್ ಸಿಗದಂತೆ ಜಾಗ ಹಿಡಿಯುವುದು ಅದರ ಕೆಲಸಗಳಲ್ಲೊಂದು ಎಂದು ಆಪಲ್ ಸಂಸ್ಥೆಯೇ ವಿವರಿಸಿದೆ. ಅಂದರೆ ಅದು ಬಿಸಿಯ ಕಾರಣವಲ್ಲ, ಕಾರ್ಯ.

ಹತ್ತು ನಿಮಿಷದ ವಿರಾಮದ ನಂತರ ಕೆಲಸದ ಪ್ರಮಾಣ ಶೇ. 5ರ ಒಳಗಿದ್ದು, ಉಷ್ಣತೆ ಮಾತ್ರ 70 ಡಿಗ್ರಿಯ ಮೇಲೆ ನಿಂತಿದ್ದರೆ ದಾರಿ ಕಟ್ಟಿದೆ ಎಂದೇ ಅರ್ಥ. 30 ಡಿಗ್ರಿಯ ಕೋಣೆಯಲ್ಲಿ ಸುಮ್ಮನಿರುವ ಆರೋಗ್ಯವಂತ ಯಂತ್ರ 40ರಿಂದ 55 ಡಿಗ್ರಿಯೊಳಗೆ ಇರಬೇಕು. ಈಗ ದಾರಿಯ ಯಾವ ಭಾಗ ಕಟ್ಟಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಅದನ್ನೂ ಬಿಚ್ಚದೆಯೇ ಬಹುಮಟ್ಟಿಗೆ ಊಹಿಸಬಹುದು. ಯಾವುದಾದರೂ ಭಾರವಾದ ಕೆಲಸವನ್ನು ಪ್ರಾರಂಭಿಸಿ ಉಷ್ಣತೆಯ ಏರಿಕೆಯ ವೇಗವನ್ನು ನೋಡಬೇಕು. 50 ಡಿಗ್ರಿಯಲ್ಲಿದ್ದುದು ಒಂದೆರಡು ಸೆಕೆಂಡಿನಲ್ಲೇ 95ಕ್ಕೆ ಜಿಗಿದು, ಕೆಲಸ ನಿಲ್ಲಿಸಿದೊಡನೆ ಅಷ್ಟೇ ವೇಗವಾಗಿ ಇಳಿದರೆ, ಸಿಲಿಕಾನ್ ತುಣುಕಿನಿಂದ ತಾಮ್ರಕ್ಕೆ ಉಷ್ಣ ದಾಟುತ್ತಿಲ್ಲ. ಲೇಪ ಒಣಗಿದೆ, ಅಥವಾ ಫಲಕ ಸರಿಯಾಗಿ ಕೂತಿಲ್ಲ. ತುಣುಕಿನ ರಾಶಿ ಅತ್ಯಲ್ಪವಾದ್ದರಿಂದ ಅದು ಕ್ಷಣಮಾತ್ರದಲ್ಲಿ ಬಿಸಿಯಾಗಿ ಕ್ಷಣಮಾತ್ರದಲ್ಲಿ ಆರುತ್ತದೆ. ಹಾಗಲ್ಲದೆ ಉಷ್ಣತೆ ಐದು, ಹತ್ತು ನಿಮಿಷಗಳ ಕಾಲ ನಿಧಾನವಾಗಿ ಏರುತ್ತ ಹೋಗಿ, ಕೆಲಸ ನಿಲ್ಲಿಸಿದ ಮೇಲೂ ಹಾಗೆಯೇ ನಿಧಾನವಾಗಿ ಇಳಿದರೆ, ತಾಮ್ರಕ್ಕೆ ಉಷ್ಣ ಬಂದು ತಲುಪಿದೆ, ಅಲ್ಲಿಂದ ಗಾಳಿಗೆ ಹೋಗುತ್ತಿಲ್ಲ. ದೋಷ ರೆಕ್ಕೆಗಳಲ್ಲಿ ಅಥವಾ ಫ್ಯಾನಿನಲ್ಲಿದೆ. ಗಾಳಿ ಹೊರಬರುವ ಕಿಂಡಿಗೆ ಕೈ ಹಿಡಿದು ನೋಡಿದರೆ ಇದು ಖಚಿತವಾಗುತ್ತದೆ. ಫ್ಯಾನು ಜೋರಾಗಿ ಸದ್ದು ಮಾಡುತ್ತಿದ್ದರೂ ಕಿಂಡಿಯಲ್ಲಿ ಗಾಳಿ ತೆಳುವಾಗಿದ್ದರೆ ಧೂಳು. ಸದ್ದೂ ಇಲ್ಲ ಗಾಳಿಯೂ ಇಲ್ಲವೆಂದರೆ ಫ್ಯಾನೇ ನಿಂತಿದೆ. ಗಾಳಿ ಧಾರಾಳವಾಗಿದ್ದು ತಣ್ಣಗಿದ್ದರೆ ಮತ್ತೆ ಲೇಪದ ಕಡೆಗೇ ನೋಡಬೇಕು.

ಇಷ್ಟು ಪರೀಕ್ಷೆ ನಡೆಸಿದ ಮೇಲೆ ದುರಸ್ತಿಗೆ ಕೊಟ್ಟರೆ ದುರಸ್ತಿಗಾರನ ಮುಂದೆ ನಾವು ಹೇಳುವ ಮಾತೇ ಬೇರೆಯಾಗಿರುತ್ತದೆ.

ಸೂಚನೆಯಿಲ್ಲದೆ ಆರಿಹೋಗುವ ಯಂತ್ರಗಳ ವಿಷಯದಲ್ಲಿ ಎಚ್ಚರ ಬೇಕು. ವಿಂಡೋಸ್‌ನ ಘಟನಾದಾಖಲೆಯಲ್ಲಿ ಕರ್ನೆಲ್-ಪವರ್ 41 ಎಂಬ ನಮೂದು ಕಂಡರೆ ಅದು ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಬಿಸಿಯಿಂದಲೋ ಸತ್ತ ಬ್ಯಾಟರಿಯಿಂದಲೋ ಎಂಬುದನ್ನು ಹೇಳುವುದಿಲ್ಲ. ಆರುವ ಮುನ್ನ ಉಷ್ಣತೆ ಎಷ್ಟಿತ್ತು ಎಂಬ ದಾಖಲೆಯನ್ನು ಮೇಲೆ ಹೇಳಿದ ತಂತ್ರಾಂಶದಲ್ಲಿ ಮೊದಲೇ ಇಟ್ಟುಕೊಂಡಿದ್ದರೆ ಮಾತ್ರ ತೀರ್ಮಾನಿಸಬಹುದು. ಚೀಲದಲ್ಲಿಟ್ಟ ಲ್ಯಾಪ್‌ಟಾಪ್ ಪ್ರಯಾಣ ಮುಗಿಯುವ ಹೊತ್ತಿಗೆ ಸುಡುವಂತಾಗಿರುವುದು ಇನ್ನೊಂದು ದೂರು. ಇತ್ತೀಚಿನ ಬಹಳಷ್ಟು ಯಂತ್ರಗಳಲ್ಲಿ ಮುಚ್ಚಳ ಮುಚ್ಚಿದರೂ ಯಂತ್ರ ಪೂರ್ತಿ ಮಲಗುವುದಿಲ್ಲ. ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಸ್ಥಿತಿಯಲ್ಲಿ ಜಾಲಸಂಪರ್ಕ ಉಳಿಸಿಕೊಂಡು ಆಗಾಗ ಎಚ್ಚರಗೊಳ್ಳುತ್ತದೆ. ಕ್ಷೇತ್ರಕಾರ್ಯಕ್ಕೆ ಹೊರಡುವವರು ಹೈಬರ್ನೇಟ್ ಆಯ್ಕೆಯನ್ನು ಬಳಸುವುದು, ಇಲ್ಲವೆ ಪೂರ್ತಿ ಆರಿಸಿಯೇ ಹೊರಡುವುದು ಲೇಸು.

ಧೂಳು, ಲೇಪ, ಇತರ ಉಪಚಾರ

ಗ್ರಂಥಾಲಯದ ಧೂಳು ರಸ್ತೆಯ ಧೂಳಿನಂತಲ್ಲ. ಹಳೆಯ ಕಾಗದದಿಂದ, ಬಟ್ಟೆಯ ರಟ್ಟಿನಿಂದ ಉದುರುವ ಎಳೆಗಳು ಅದರಲ್ಲಿ ಹೆಚ್ಚು. ಫ್ಯಾನು ಅಡಿಯಿಂದ ಎಳೆದುಕೊಳ್ಳುವ ಗಾಳಿಯೊಂದಿಗೆ ಬಂದ ಈ ಎಳೆಗಳು ರೆಕ್ಕೆಗಳ ಬಾಯಿಯಲ್ಲಿ ಒಂದರ ಮೇಲೊಂದು ಹೆಣೆದುಕೊಂಡು ಕಂಬಳಿಯಂಥ ತೆಳು ಹಾಳೆಯಾಗುತ್ತವೆ. ಹೊರಗಿನಿಂದ ಕಿಂಡಿಯೊಳಗೆ ಇಣುಕಿದರೆ ರೆಕ್ಕೆಗಳು ಶುಭ್ರವಾಗಿಯೇ ಕಾಣುತ್ತವೆ, ಏಕೆಂದರೆ ಹಾಳೆ ಇರುವುದು ಅವುಗಳ ಒಳಬದಿಯಲ್ಲಿ. ಕಿಂಡಿಯಿಂದ ಗಾಳಿ ಊದಿದರೆ ಅದು ಸಡಿಲವಾಗಿ ಫ್ಯಾನಿನ ಕಡೆಗೆ ಸರಿಯುತ್ತದೆಯೇ ಹೊರತು ಹೊರಬರುವುದಿಲ್ಲ. ಅಡಿಯ ಮುಚ್ಚಳ ತೆಗೆದು, ಫ್ಯಾನನ್ನು ಬೆರಳಿನಿಂದ ಅಲುಗದಂತೆ ಹಿಡಿದು ಬ್ರಷ್ಷಿನಿಂದ ತೆಗೆಯಬೇಕು. ಫ್ಯಾನನ್ನು ಹಿಡಿಯದೆ ರಭಸವಾಗಿ ಗಾಳಿ ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಕಸ ಗುಡಿಸುವ ವ್ಯಾಕ್ಯೂಂ ಯಂತ್ರದ ಕೊಳವೆಯ ತುದಿಯಲ್ಲಿ ಸ್ಥಿರವಿದ್ಯುತ್ ಉಂಟಾಗುವ ಕಾರಣ ಅದನ್ನು ದೂರವಿಡುವುದೇ ಸರಿ. ಕರಾವಳಿಯ ತೇವದ ಹವೆಯಲ್ಲಿ ಧೂಳು ಅಂಟಾಗುವುದರಿಂದ ಈ ಕೆಲಸ ಹೆಚ್ಚು ಬಾರಿ ಬೇಕಾಗುತ್ತದೆ.

ಲೇಪವನ್ನು ಬದಲಿಸುವುದು ನಾಲ್ಕೈದು ವರ್ಷ ಬಳಸಿದ ಯಂತ್ರಗಳಲ್ಲಿ ಫಲ ಕೊಡುವ ಕೆಲಸ. ಹಳೆಯದನ್ನು ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಬೇಕು. ದ್ರವಲೋಹ ಎಂದು ಮಾರಾಟವಾಗುವ ಗ್ಯಾಲಿಯಂ ಮಿಶ್ರಣದ ಲೇಪ ಉತ್ತಮ ಉಷ್ಣವಾಹಕವಾದರೂ ವಿದ್ಯುತ್ತನ್ನೂ ಹರಿಸುತ್ತದೆ, ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಸಂಸ್ಥೆಯ ಆಸ್ತಿಯಾದ ಯಂತ್ರದ ಮೇಲೆ ಅದನ್ನು ಪ್ರಯೋಗಿಸುವುದು ಉಚಿತವಲ್ಲ.

ಕೂಲಿಂಗ್ ಪ್ಯಾಡ್‌ಗಳ ಬಗ್ಗೆ ಹೇಳುವುದಾದರೆ, ಅದರ ಫ್ಯಾನುಗಳು ಯಂತ್ರದ ಗಾಳಿ ಒಳಹೋಗುವ ಕಿಂಡಿಗೆ ನೇರವಾಗಿದ್ದರೆ ಕೆಲವು ಡಿಗ್ರಿ ಇಳಿಕೆ ದೊರೆಯುತ್ತದೆ. ರೆಕ್ಕೆಗಳು ಕಟ್ಟಿದ್ದರೆ ಏನೂ ದೊರೆಯುವುದಿಲ್ಲ. ಹಿಂಬದಿಯನ್ನು ಒಂದಂಗುಲ ಎತ್ತರಿಸಿದರೆ ಸಿಗುವ ಲಾಭ ಹಲವು ಸಲ ಅದಕ್ಕೆ ಸಾಟಿ. ಪಾರಾಯಣಕ್ಕೆ ಗ್ರಂಥವಿಡುವ ವ್ಯಾಸಪೀಠ ಅದನ್ನು ನೆಲದಿಂದ ಎತ್ತಿ ಹಿಡಿಯುವ ರಚನೆ. ತತ್ತ್ವತಃ ಲ್ಯಾಪ್‌ಟಾಪಿಗೆ ಬೇಕಾದುದೂ ಅದೇ. ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ನೀರಿನ ಏರ್ ಕೂಲರನ್ನು ನೇರವಾಗಿ ಯಂತ್ರದ ಮುಖಕ್ಕೆ ತಿರುಗಿಸಿಕೊಳ್ಳುವವರಿದ್ದಾರೆ. ಕೋಣೆ ತಂಪಾಗಲಿ, ಆದರೆ ತೇವದ ಗಾಳಿಯ ಧಾರೆ ಯಂತ್ರದೊಳಗೆ ಹೋಗಬಾರದು. ಬಿಸಿಯಾದ ಯಂತ್ರವನ್ನು ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದಾಗ ಒಳಗೆಲ್ಲ ನೀರು ಹನಿಗಟ್ಟುವುದರಿಂದ ಅಂಥ ಸಾಹಸವೂ ಸಲ್ಲದು. ಬೇಸಿಗೆಯ ಮಟ್ಟಿಗೆ ಹೆಚ್ಚು ಪ್ರಯೋಜನಕರವಾದ ಉಪಾಯ ಇನ್ನೊಂದಿದೆ. ವಿಂಡೋಸ್‌ನ ವಿದ್ಯುತ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು ಶೇ. 100ರಿಂದ 99ಕ್ಕೆ ಇಳಿಸಿದರೆ, ಆ ಆಯ್ಕೆ ದೊರೆಯುವ ಬಹಳಷ್ಟು ಯಂತ್ರಗಳಲ್ಲಿ, ಕ್ಷಣಿಕ ವೇಗವರ್ಧನೆಯ ಟರ್ಬೊ ಸ್ಥಿತಿ ನಿಂತುಹೋಗುತ್ತದೆ. ಆವರ್ತನದ ಜೊತೆ ವೋಲ್ಟೇಜೂ ಇಳಿಯುವ ಕಾರಣ ವೇಗದ ನಷ್ಟಕ್ಕಿಂತ ಉಷ್ಣದ ಇಳಿಕೆ ಹೆಚ್ಚು. ಬೆರಳಚ್ಚು, ಓದು, ಗ್ರಂಥಸೂಚಿಯ ಕೆಲಸಗಳಲ್ಲಿ ಆ ನಷ್ಟ ಅನುಭವಕ್ಕೇ ಬರುವುದಿಲ್ಲ.

ಅಪಾಯದ ನಿಜವಾದ ಸ್ಥಾನ

ಪ್ರೊಸೆಸರ್ ತನ್ನ ಉಷ್ಣತೆಯನ್ನು ತಾನೇ ಅಳೆದು ನಿಧಾನಿಸಬಲ್ಲದು, ಕಡೆಗೆ ಯಂತ್ರವನ್ನೇ ಆರಿಸಬಲ್ಲದು. ಅದರ ಸುತ್ತಲಿನ ಭಾಗಗಳಿಗೆ ಆ ಶಕ್ತಿ ಇಲ್ಲ, ಅಥವಾ ಅಷ್ಟಿಲ್ಲ. ಪದೇ ಪದೇ ಬಿಸಿಯಾಗಿ ಆರುವ ಕ್ರಮದಲ್ಲಿ ಬೆಸುಗೆಗಳು ಹಿಗ್ಗಿ ಕುಗ್ಗಿ ಸೋಲುತ್ತವೆ. ಲ್ಯಾಪ್‌ಟಾಪ್‌ಗಳಿಗೆ ತಾನು ಒದಗಿಸಿದ ಕೆಲವು ಚಿತ್ರಸಂಸ್ಕಾರಕ ಚಿಪ್ಪುಗಳು ಜೋಡಣಾವಸ್ತುವಿನ ದೌರ್ಬಲ್ಯದಿಂದ ಕೆಡುತ್ತಿವೆ ಎಂದು ಎನ್‌ವಿಡಿಯಾ ಸಂಸ್ಥೆ 2008ರಲ್ಲಿ ಪ್ರಕಟಿಸಿ, ಅದಕ್ಕಾಗಿ 15ರಿಂದ 20 ಕೋಟಿ ಡಾಲರ್ ಮೊತ್ತವನ್ನು ತೆಗೆದಿರಿಸಬೇಕಾಗಿ ಬಂದಿತ್ತು. ಬಳಸುವವರ ದೇಹವೂ ಈ ಪಟ್ಟಿಗೆ ಸೇರುತ್ತದೆ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಬಹುಕಾಲ ಬಳಸಿದ ಬಾಲಕನ ಚರ್ಮದ ಮೇಲೆ ಜಾಲದಂಥ ಕಂದು ಕಲೆಗಳು ಮೂಡಿದ್ದನ್ನು ಸ್ವಿಟ್ಜರ್ಲೆಂಡಿನ ಚರ್ಮವೈದ್ಯರು 2010ರಲ್ಲಿ ವರದಿ ಮಾಡಿದ್ದಾರೆ.

ಆದರೆ ಎಲ್ಲಕ್ಕಿಂತ ಹೆಚ್ಚು ಲಕ್ಷ್ಯ ಬೇಡುವುದು ಬ್ಯಾಟರಿ. ಲಿಥಿಯಂ-ಅಯಾನ್ ಕೋಶವನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದೆಂಬುದು ಸಾಮಾನ್ಯ ನಿಬಂಧನೆ. ಪೂರ್ಣ ಚಾರ್ಜ್ ಮತ್ತು ಅಧಿಕ ಉಷ್ಣತೆ ಎರಡೂ ಒಟ್ಟಿಗೆ ಬಹುಕಾಲ ಇದ್ದರೆ ಒಳಗಿನ ವಿದ್ಯುದ್ವಿಭಾಜ್ಯ ವಿಘಟನೆಗೊಂಡು ಅನಿಲ ಉತ್ಪತ್ತಿಯಾಗುತ್ತದೆ, ಕೋಶ ಊದಿಕೊಳ್ಳುತ್ತದೆ. ಗ್ರಂಥಾಲಯದ ಮೇಜಿಗೆ ಕಟ್ಟಿಹಾಕಿದಂತೆ ವರ್ಷವಿಡೀ ಚಾರ್ಜರಿಗೆ ಜೋಡಿಸಿಟ್ಟ ಲ್ಯಾಪ್‌ಟಾಪ್ ಈ ಎರಡು ಸ್ಥಿತಿಗಳನ್ನೂ ದಿನವೂ ಅನುಭವಿಸುತ್ತಿರುತ್ತದೆ. ಚಾರ್ಜನ್ನು ಶೇ. 80ಕ್ಕೆ ಮಿತಿಗೊಳಿಸುವ ಅನುಕೂಲವನ್ನು ಹಲವು ತಯಾರಕರು ತಮ್ಮ ತಂತ್ರಾಂಶದಲ್ಲಿ ನೀಡಿದ್ದಾರೆ. ಒಂದೇ ಕಡೆ ಇರುವ ಯಂತ್ರಗಳಿಗೆ ಅದನ್ನು ಅಳವಡಿಸುವುದು ಅಗತ್ಯ. ಬ್ಯಾಟರಿಯ ಎಲ್ಲ ಅವಘಡಗಳೂ ಬಳಕೆಯ ದೋಷದಿಂದಲೇ ಆಗುತ್ತವೆ ಎನ್ನಲಾಗದು. 2006ರಲ್ಲಿ ಡೆಲ್ ಸಂಸ್ಥೆ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದದ್ದು ಸೋನಿ ತಯಾರಿಸಿದ ಕೋಶಗಳೊಳಗೆ ಲೋಹದ ಕಣಗಳು ಸೇರಿದ್ದ ಕಾರಣದಿಂದ.

ಊದಿದ ಬ್ಯಾಟರಿಯ ಗುರುತುಗಳು ಹೊರಗೇ ಕಾಣುತ್ತವೆ. ಟಚ್‌ಪ್ಯಾಡ್ ಒತ್ತಲು ಬಿಗಿಯಾಗುತ್ತದೆ ಅಥವಾ ಉಬ್ಬುತ್ತದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಮೇಜಿನ ಮೇಲಿಟ್ಟರೆ ಯಂತ್ರ ತೊನೆಯುತ್ತದೆ. ಆಗ ಚಾರ್ಜರನ್ನು ತೆಗೆದು ಯಂತ್ರವನ್ನು ಆರಿಸಬೇಕು. ಬಿಗಿದ ಮುಚ್ಚಳವನ್ನು ಒತ್ತಿ ಮುಚ್ಚಲು ಯತ್ನಿಸಬಾರದು, ಉಬ್ಬನ್ನು ಚುಚ್ಚಬಾರದು. ಇಂಥ ಯಂತ್ರವನ್ನು ಗ್ರಂಥಭಂಡಾರದಿಂದ ಹೊರಕ್ಕೆ, ಕಾಗದವಿಲ್ಲದ ಕಲ್ಲುನೆಲದ ಮೇಲೆ ಇರಿಸಿ, ಬ್ಯಾಟರಿ ಬಿಚ್ಚುವುದನ್ನು ತಿಳಿದವರಿಗೆ ಬಿಡಬೇಕು. ಮಾಹಿತಿಯನ್ನು ಪ್ರತಿ ಮಾಡಿಕೊಳ್ಳಲೆಂದು ಇನ್ನೊಮ್ಮೆ ಚಾಲೂ ಮಾಡುವ ಪ್ರಲೋಭನೆ ಸಹಜ. ಬಹಳಷ್ಟು ಯಂತ್ರಗಳಲ್ಲಿ ಸಂಗ್ರಹಫಲಕವನ್ನು ಬೇರ್ಪಡಿಸಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ಓದಬಹುದಾದ್ದರಿಂದ ಆ ಅಪಾಯಕ್ಕೆ ಕೈಹಾಕಬೇಕಿಲ್ಲ. ಅದು ಮುಖ್ಯಫಲಕಕ್ಕೇ ಬೆಸೆದಿರುವ ಯಂತ್ರಗಳಲ್ಲಿ ಮಾತ್ರ ಮೊದಲೇ ಪ್ರತಿ ಇಟ್ಟುಕೊಳ್ಳದೆ ಗತ್ಯಂತರವಿಲ್ಲ. ತೆಗೆದ ಬ್ಯಾಟರಿಯನ್ನು ಕಸದ ಬುಟ್ಟಿಗಾಗಲಿ ಗುಜರಿಗಾಗಲಿ ಹಾಕುವಂತಿಲ್ಲ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಇತರ ಕಸದಿಂದ ಪ್ರತ್ಯೇಕಿಸಿ ಅದರ ಸಂಗ್ರಹಣೆ, ಮರುಬಳಕೆಗಳಲ್ಲಿ ತೊಡಗಿರುವವರಿಗೆ ಒಪ್ಪಿಸುವ ಹೊಣೆ ಬಳಕೆದಾರನ ಮೇಲಿದೆ. ಗ್ರಂಥಾಲಯಗಳು ಅಂಥ ಬ್ಯಾಟರಿಗಳನ್ನು ಕಡತ ವಿಲೇವಾರಿಯ ದಿನದವರೆಗೆ ಉಗ್ರಾಣದಲ್ಲಿ ಕೂಡಿಡದೆ ಒಂದೊಂದನ್ನೂ ಆಯಾ ಸಂದರ್ಭದಲ್ಲೇ ರಶೀದಿ ಪಡೆದು ಕಳುಹಿಸುವುದು, ಯಂತ್ರಗಳ ದಾಸ್ತಾನು ವಹಿಯಲ್ಲಿ ಬ್ಯಾಟರಿಗೆಂದೇ ಒಂದು ಅಂಕಣವನ್ನು ತೆರೆಯುವುದು ಸೂಕ್ತ.